ಮನೆಯಲ್ಲೇ ನೀಬೋರ್ಡ್ ಮಾಡುವುದು: ಥರ್ಮಾಕೋಲ್ ಸಾಕಾ, ಮರವೇ ಬೇಕಾ?

ಸಸಿಹಿತ್ಲು_ಸಂಜೆ
ಎಲ್ಲರಿಗೂ ನಮಸ್ಕಾರ. ನಾನು ಮೂಲ್ಕಿ ಕಡೆಯವನು. ಐದಾರು ವರ್ಷದಿಂದ ಸಸಿಹಿತ್ಲಿನಲ್ಲಿ ಸರ್ಫಿಂಗ್ ಮಾಡುತ್ತಿದ್ದೆ. ಹೋದ ವರ್ಷ ಬೈಕಿನಿಂದ ಬಿದ್ದು ಬಲಗಾಲಿನ ಕಣಕಾಲು ಮುರಿಯಿತು. ಒಳಗೆ ಪ್ಲೇಟ್ ಇದೆ. ಈಜಬಹುದು, ನಡೆಯಬಹುದು. ಆದರೆ ಬೋರ್ಡಿನ ಮೇಲೆ ಹಾರಿ ನಿಂತ ಕೂಡಲೇ ಜೀವ ಹೋಗುವಷ್ಟು ನೋವು. ಕಡಲು ಬಿಟ್ಟಿರಲು ಮಾತ್ರ ಆಗುತ್ತಿಲ್ಲ.

ಮಂಡಿಯೂರಿ ಸವಾರಿ ಮಾಡುವ ನೀಬೋರ್ಡ್ ಬಗ್ಗೆ ಈಚೆಗೆ ಗೊತ್ತಾಯಿತು. ನಮ್ಮ ಕಡೆ ಯಾರ ಹತ್ತಿರವೂ ಇಲ್ಲ. ಹೊರಗಿನಿಂದ ತರಿಸಲು ವಿಚಾರಿಸಿದರೆ ಬೋರ್ಡಿನ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ. ಹಾಗಾಗಿ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನೇ ಮಾಡಬೇಕು ಅಂತ ತೀರ್ಮಾನಿಸಿದ್ದೇನೆ. ಮಳೆ ಮುಗಿಯುವ ಹೊತ್ತಿಗೆ ಬೋರ್ಡ್ ತಯಾರಾಗಬೇಕು. ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ಆಗುತ್ತದಾ? ದೋಣಿಗೆ ಹಾಕುವ ರೆಸಿನ್ ಸಾಕಾ? ಅಳತೆ ಎಷ್ಟಿರಬೇಕು? ನಾನು 5 ಅಡಿ 7 ಇಂಚು, 72 ಕೆಜಿ.

ಕಾಪು_ದೀಪ
ಮೊದಲು ಒಂದು ಮಾತು ಹೇಳಿ. ವಜ್ರಾಸನದಲ್ಲಿ ಹತ್ತು ನಿಮಿಷ ಕೂರಲು ಆಗುತ್ತದಾ? ಆಗದಿದ್ದರೆ ಬೋರ್ಡ್ ಮಾಡಿ ಏನು ಪ್ರಯೋಜನ?

ಸಸಿಹಿತ್ಲು_ಸಂಜೆ
ಆಗುತ್ತದೆ. ಪ್ಲೇಟ್ ಇರುವ ಕಡೆ ಸ್ವಲ್ಪ ಬಿಗಿ, ಅಷ್ಟೇ. ಫಿಸಿಯೋ ಅವರೇ ದಿನಾ ಹಾಗೆ ಕೂರಲು ಹೇಳಿದ್ದಾರೆ. ಮಂಡಿ ಎರಡೂ ಗಟ್ಟಿ ಇವೆ.

ಮಲ್ಪೆ_ಫೈಬರ್
ದೋಣಿಗೆ ಫೈಬರ್ ಹಾಕುವುದೇ ನನ್ನ ಕೆಲಸ. ಹದಿನಾಲ್ಕು ವರ್ಷ ಆಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಅಲ್ವಾ, ಆಗ ದೋಣಿಗಳೆಲ್ಲ ದಡಕ್ಕೆ ಬರುತ್ತವೆ, ನಮಗೆ ಕೈತುಂಬಾ ಕೆಲಸ. ನಾಳೆಯಿಂದ ಸ್ವಲ್ಪ ಬಿಡುವು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ದೋಣಿಗೆ ನಾವು ಹಾಕುವುದು ಪಾಲಿಯೆಸ್ಟರ್ ರೆಸಿನ್. ಅದರೊಳಗೆ ಸ್ಟೈರಿನ್ ಇರುತ್ತದೆ. ಅದು ಥರ್ಮಾಕೋಲನ್ನು ತಿಂದು ಹಾಕುತ್ತದೆ. ನಂಬಿಕೆ ಬರದಿದ್ದರೆ ಮೀನಿನ ಪೆಟ್ಟಿಗೆಯ ಒಂದು ತುಂಡಿನ ಮೇಲೆ ಒಂದು ಚಮಚ ಸುರಿದು ನೋಡಿ. ಬಿಸಿ ನೀರಿಗೆ ಬೆಲ್ಲ ಹಾಕಿದ ಹಾಗೆ ಕರಗಿ ಗುಳಿ ಬೀಳುತ್ತದೆ. ಮೊದಲ ವರ್ಷ ನಾನೇ ಒಂದು ತೇಲುಬುಂಡೆ ಮಾಡಲು ಹೋಗಿದ್ದೆ. ರಾತ್ರಿ ರೆಸಿನ್ ಹಚ್ಚಿ ಮಲಗಿದೆ. ಬೆಳಿಗ್ಗೆ ಬಂದು ತಟ್ಟಿದರೆ ಡಬಡಬ ಸದ್ದು. ಮೇಲೆ ತೆಳು ಸಿಪ್ಪೆ, ಒಳಗೆ ಗಾಳಿ.

ಥರ್ಮಾಕೋಲ್ ಆದರೆ ಎಪಾಕ್ಸಿ ಮಾತ್ರ, ಅಂದರೆ ಹಾರ್ಡನರ್ ಕಲಸಿ ಗಟ್ಟಿ ಮಾಡುವ ಇನ್ನೊಂದು ಬಗೆಯ ರೆಸಿನ್. ದುಬಾರಿ, ನಿಜ. ಬೇರೆ ದಾರಿ ಇಲ್ಲ.

ಇನ್ನೊಂದು ವಿಷಯ. ದೋಣಿಗೆ ಹಾಕುವ ಗಾಜಿನ ಎಳೆಯ, ಚಾಪೆಯಂಥ ಮ್ಯಾಟ್ ತೆಗೆದುಕೊಳ್ಳಬೇಡಿ. ಅದರ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಸ್ಟೈರಿನ್ ತಾಗಿದರೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಸರಿಯಾಗಿ ನೆನೆಯುವುದಿಲ್ಲ. ರೆಸಿನ್ ಕುಡಿದು ಕುಡಿದು ಭಾರ ಆಗುತ್ತದೆ. ನೇಯ್ದ ಫೈಬರ್ ಬಟ್ಟೆಯೇ ಬೇಕು, 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ.

ಬೆಂಗ್ಳೂರ್_ವಿಮಾನ
ನಾನು ಸರ್ಫ್ ಮಾಡುವವನಲ್ಲ, ರಿಮೋಟ್ ವಿಮಾನ ಮಾಡುವವನು. ಫೋಮ್ ಕತ್ತರಿಸುವುದು ಮಾತ್ರ ಚೆನ್ನಾಗಿ ಗೊತ್ತು.

ಮೀನಿನ ಪೆಟ್ಟಿಗೆ, ಟಿವಿ ಪ್ಯಾಕಿಂಗ್ ಎಲ್ಲ ಬೇಡ. ತುಂಬಾ ಮೆದು. ಮಂಡಿ ಊರಿದ ಕಡೆ ಒಂದೇ ವಾರದಲ್ಲಿ ಗುಳಿ ಬೀಳುತ್ತದೆ. ಕೋಲ್ಡ್ ಸ್ಟೋರೇಜ್ ಗೋಡೆಗೆ ಹಾಕುವ ಥರ್ಮಾಕೋಲ್ ಕೇಳಿ. ಘನ ಮೀಟರಿಗೆ 20 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಸಾಂದ್ರತೆ ಇರಲಿ. ಅಂಗಡಿಯವರು ಹೇಳಿದ್ದನ್ನೇ ನಂಬಬೇಡಿ. ಒಂದು ತುಂಡು ಕತ್ತರಿಸಿ ಅಳೆದು ತೂಗಿ. 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡು 20 ಗ್ರಾಂ ತೂಗಬೇಕು.

ಕತ್ತರಿಸಲು ಕರೆಂಟ್ ಹರಿದರೆ ಬಿಸಿಯಾಗುವ ನೈಕ್ರೋಮ್ ತಂತಿ, ಎರಡು ಕೋಲು, 12 ವೋಲ್ಟ್ ಸಪ್ಲೈ ಸಾಕು. ಪ್ಲೈವುಡ್ಡಿನಲ್ಲಿ ಪಕ್ಕದ ನೋಟದ ಎರಡು ಅಚ್ಚು ಮಾಡಿ, ಬ್ಲಾಕಿನ ಎರಡೂ ಕಡೆ ಅಂಟಿಸಿ, ಇಬ್ಬರು ಹಿಡಿದು ಒಂದೇ ವೇಗದಲ್ಲಿ ಎಳೆಯಿರಿ. ನಿಂತರೆ ಅಲ್ಲೇ ಗುಂಡಿ ಬೀಳುತ್ತದೆ. ಹೊಗೆ ಕೆಟ್ಟದ್ದು, ಬಾಗಿಲು ಕಿಟಕಿ ತೆರೆದಿಡಿ.

ಚಪ್ಪಲಿ ಅಂಟಿಸುವ ರಬ್ಬರ್ ಅಂಟು ಬೇಡ, ಕರಗಿಸುತ್ತದೆ. ಮರಕ್ಕೆ ಹಾಕುವ ಬಿಳಿ ಅಂಟು ಕರಗಿಸುವುದಿಲ್ಲ, ಆದರೆ ಎರಡು ಥರ್ಮಾಕೋಲ್ ಮಧ್ಯೆ ಗಾಳಿ ಆಡದೆ ವಾರಗಟ್ಟಲೆ ಹಸಿಯಾಗೇ ಇರುತ್ತದೆ. ಸ್ಪ್ರೇ ಪೇಂಟ್ ಕೂಡ ಫೋಮಿನ ಮೇಲೆ ನೇರವಾಗಿ ಹೊಡೆಯಬೇಡಿ.

ಬಡಗಿ_ಮಗ
ಎಲ್ಲರೂ ಪ್ಲಾಸ್ಟಿಕ್ಕಿನ ಹಿಂದೆ ಬಿದ್ದಿದ್ದೀರಲ್ಲ. ಹವಾಯಿಯ ಜನ ಸವಾರಿ ಮಾಡಿದ್ದು ಮರದ ಹಲಗೆಯ ಮೇಲೆ. ಅಲ್ಲಿನ ಪೈಪೋ ಅಂದರೆ ಹೊಟ್ಟೆಯ ಮೇಲೆ ಮಲಗಿ ಅಥವಾ ಮಂಡಿಯೂರಿ ಹೋಗುವ ಸಣ್ಣ ಹಲಗೆ. ನಮ್ಮ ಕುಂದಾಪುರ ಕಡೆ ನಾವೂ ಚಿಕ್ಕವರಿದ್ದಾಗ ಹಳೇ ದೋಣಿಯ ಹಲಗೆ ಹಿಡಿದು ತೆರೆಯ ಜೊತೆ ದಡಕ್ಕೆ ಜಾರುತ್ತಿದ್ದೆವು. ಯಾರೂ ಕಲಿಸಿದ್ದಲ್ಲ. ಪಾಲೆ ಮರ ಹಗುರ. ಅದರಲ್ಲಿ ಒಳಗೆ ಟೊಳ್ಳು ಬಿಟ್ಟು ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ.

ಮಲ್ಪೆ_ಫೈಬರ್
ಟೊಳ್ಳು ಬೋರ್ಡಿಗೆ ಒಳಗೆ ಪಕ್ಕೆಲುಬು ಕೂರಿಸಬೇಕು, ಅಂಚು ಬಗ್ಗಿಸಬೇಕು, ಒಂದು ಕಡೆ ಸೋರಿದರೂ ನೀರು ತುಂಬುತ್ತದೆ. ಮೊದಲ ಸಲ ಮಾಡುವವರಿಗೆ ಅದು ಯಾಕೆ?

ಬಡಗಿ_ಮಗ
ಮೊದಲ ಸಲದವರು ಎಪಾಕ್ಸಿ ಹಾಕಬಹುದು, ಉಳಿ ಹಿಡಿಯಬಾರದಾ?

ವಿಜ್ಞಾನ_ಟೀಚರ್
ದಯವಿಟ್ಟು ಪಾಲೆ ಮರ ಕಡಿಯಬೇಡಿ. ನಮ್ಮ ಊರಲ್ಲಿ ಉಳಿದಿರುವುದೇ ಎರಡು. ತುಳುನಾಡಿನ ಆಟಿ ಅಮಾವಾಸ್ಯೆ ಬಂತೆಂದರೆ ಕಷಾಯಕ್ಕೆ ತೊಗಟೆ ಬೇಕು ಅಂತ ಊರಿಡೀ ಅಲ್ಲಿಗೇ ಬರುತ್ತದೆ.

ಕಾಪು_ದೀಪ
ನಮ್ಮಲ್ಲಿ ಈಗಲೂ ಸೂರ್ಯ ಹುಟ್ಟುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಕತ್ತಿ ತಾಗಿಸುವಂತಿಲ್ಲ. ಈ ವರ್ಷದ ಕಷಾಯ ಎಷ್ಟು ಕಹಿ ಇತ್ತು ಅಂದರೆ ಮೆಂತೆ ಗಂಜಿ ಕುಡಿದ ಮೇಲೂ ನಾಲಿಗೆ ಸರಿಹೋಗಲಿಲ್ಲ.

ವಿಜ್ಞಾನ_ಟೀಚರ್
ಕತ್ತಲಲ್ಲಿ ಹೋಗುವವರು ಮರ ಸರಿಯಾಗಿ ಗುರುತಿಸಿ. ಪಾಲೆಯ ಬದಲು ಕಾಸರ್ಕ ಮರದ ತೊಗಟೆ ತಂದರೆ ಅದು ವಿಷ. ಹಿಂದಿನ ದಿನ ಬೆಳಕಿರುವಾಗಲೇ ಮರ ನೋಡಿ ಗುರುತು ಮಾಡಿಟ್ಟು ಬರುವುದು ಒಳ್ಳೆಯದು.

ಸಸಿಹಿತ್ಲು_ಸಂಜೆ
ಮರ ಕಡಿಯುವುದಿಲ್ಲ ಟೀಚರ್, ಚಿಂತೆ ಬೇಡ. ಅಳತೆ ಬಗ್ಗೆ ಯಾರಾದರೂ ಹೇಳುತ್ತೀರಾ?

ಸಿಡ್ನಿ_ಮಂಡಿ
ನಾನು ಹೇಳುತ್ತೇನೆ. ಹುಟ್ಟಿದ್ದು ಹೊನ್ನಾವರ, ಈಗ ಇರುವುದು ಸಿಡ್ನಿ. ಹನ್ನೊಂದು ವರ್ಷದಿಂದ ನೀಬೋರ್ಡ್ ಮಾತ್ರ. ಮೂರು ಬೋರ್ಡ್ ಗ್ಯಾರೇಜಿನಲ್ಲಿ ಮಾಡಿದ್ದೇನೆ.

ನಿಮ್ಮ ಮೈಕಟ್ಟಿಗೆ 5 ಅಡಿ 8 ಇಂಚು ಉದ್ದ, 23 ಇಂಚು ಅಗಲ, ಎರಡೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ ಇಟ್ಟುಕೊಳ್ಳಿ. ಬೋರ್ಡಿನ ಗಾತ್ರ ಸುಮಾರು 35 ಲೀಟರ್ ಬರುತ್ತದೆ. ನಿಂತು ಓಡಿಸುವ ಬೋರ್ಡಿಗಿಂತ ಹಿಂಭಾಗ ಅಗಲ ಇರಬೇಕು. ಯಾಕೆಂದರೆ ನಿಂತವನು ಒಂದು ಕಾಲು ಮುಂದಿಟ್ಟು ಭಾರ ಹಂಚುತ್ತಾನೆ. ನಮ್ಮ ಭಾರ ಪೂರ್ತಿ ಹಿಂದೆಯೇ. ಬಾಲ ಸಣ್ಣದಾದರೆ ಹಿಂಭಾಗ ಮುಳುಗಿ ಬೋರ್ಡ್ ತೆರೆಗೆ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ಮೂತಿ 5 ಇಂಚು ಮೇಲಕ್ಕೆ ಬಾಗಿರಲಿ, ಬಾಲ 2 ಇಂಚು ಸಾಕು.

ಫೋಮ್ ಮುಟ್ಟುವ ಮೊದಲು ಇದೊಂದು ಕೆಲಸ ಮಾಡಿ. ನೆಲದ ಮೇಲೆ ಹಳೇ ಪೇಪರ್ ಹಾಸಿ. ಅದರ ಮೇಲೆ ಮಂಡಿ ಸ್ವಲ್ಪ ಅಗಲಿಸಿ ವಜ್ರಾಸನದಲ್ಲಿ ಕೂರಿ. ಯಾರಿಂದಾದರೂ ಮಂಡಿಯ ಸುತ್ತ, ಕಾಲ್ಬೆರಳಿನ ಸುತ್ತ ಪೆನ್ಸಿಲ್ ಗೆರೆ ಎಳೆಸಿ. ಎದ್ದು ನೋಡಿ. ಬೋರ್ಡಿನ ಹಿಂದಿನ ಅರ್ಧ ಆ ಗುರುತಿನ ಸುತ್ತ ಬರಬೇಕು. ಮಂಡಿ ಅಂಚಿಗೆ ಬಂದರೆ ಅಗಲ ಸಾಲದು ಅಂತ ಅರ್ಥ. ಮಂಡಿ ಊರುವ ಎರಡು ಜಾಗಕ್ಕೆ ಬಟ್ಟೆಯ ಒಂದು ಪದರ ಜಾಸ್ತಿ ಹಾಕಿ, ಮೇಲೆ ಮೆತ್ತನೆಯ ಇವಿಎ ಶೀಟ್ ಅಂಟಿಸಿ. ಅದಿಲ್ಲದಿದ್ದರೆ ಅರ್ಧ ಗಂಟೆಗೇ ಮಂಡಿ ಸುಲಿಯುತ್ತದೆ.

ತೂಕದ ಲೆಕ್ಕವನ್ನೂ ಹಾಕಿ. ಫೋಮ್ 700 ಗ್ರಾಂ. ಮೇಲೆ ಎರಡು ಪದರ, ಕೆಳಗೆ ಒಂದು ಪದರ ಬಟ್ಟೆ ಅಂದರೆ ಸುಮಾರು 600 ಗ್ರಾಂ. ಬಟ್ಟೆಯಷ್ಟೇ ತೂಕದ ರೆಸಿನ್, ಮೇಲಿನ ಹೊದಿಕೆಗೆ ಇನ್ನೊಂದು 400, 500 ಗ್ರಾಂ. ಫಿನ್ (ಬೋರ್ಡಿನ ಕೆಳಗೆ ಹಿಂಬದಿಗೆ ಇರುವ ರೆಕ್ಕೆ) ಸೇರಿ ಮೂರು ಕೆಜಿ ಒಳಗೆ ಬರಬೇಕು. ನಾಲ್ಕು ದಾಟಿದರೆ ರೆಸಿನ್ ಸುರಿದಿದ್ದೀರಿ, ಒರೆಸಿ ತೆಗೆದಿಲ್ಲ ಅಂತ.

ಗೋಕರ್ಣ_ತೆರೆ
ಬೇಜಾರು ಮಾಡಿಕೊಳ್ಳಬೇಡಿ. ಸರ್ಫಿಂಗ್ ಅಂದರೆ ನಿಲ್ಲುವುದು. ಮಂಡಿಯೂರಿ ಹೋಗುವುದು ಮಕ್ಕಳ ಆಟ. ಆರು ತಿಂಗಳು ಕಾದು ಕಾಲು ಗಟ್ಟಿ ಮಾಡಿಕೊಂಡು ನಿಂತೇ ಸರ್ಫ್ ಮಾಡಬಹುದಲ್ವಾ?

ಸಿಡ್ನಿ_ಮಂಡಿ
ಖಂಡಿತ ಒಪ್ಪುವುದಿಲ್ಲ. ನೀವು ನಿಂತು ಓಡಿಸುವ ಬೋರ್ಡಿನ ಆಕಾರವೇ ಮಂಡಿಯೂರಿದವರಿಂದ ಬಂದದ್ದು.

ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೋ 1960ರ ದಶಕದಲ್ಲಿ ಆಸ್ಟ್ರೇಲಿಯಾಕ್ಕೆ ಬಂದರು. ಆಗ ಎಲ್ಲರದ್ದೂ ಒಂಬತ್ತು, ಹತ್ತು ಅಡಿಯ ಉದ್ದ ಬೋರ್ಡ್. ಈ ಮನುಷ್ಯನದ್ದು ಐದು ಅಡಿ ಚಿಲ್ಲರೆಯ ನೀಬೋರ್ಡ್, ಹೆಸರು ವೆಲೋ. ಮಧ್ಯದಲ್ಲಿ ಫೋಮೇ ಇಲ್ಲ, ಬರೀ ಫೈಬರ್ ಪದರಗಳು, ಚಮಚದ ಹಾಗೆ ತಗ್ಗು. ನಿಂತ ನೀರಿನಲ್ಲಿ ಸರಿಯಾಗಿ ತೇಲುವುದೂ ಇಲ್ಲ. ತೆರೆ ಹಿಡಿದ ಮೇಲೆ ಮಾತ್ರ ಅದಕ್ಕೆ ಜೀವ. ತಿರುವಿನಲ್ಲಿ ಬಾಗಿ, ಮತ್ತೆ ಚಿಮ್ಮುತ್ತಿತ್ತು. ಟ್ಯೂನಾ ಮೀನಿನ ಬಾಲ ನೋಡಿ ತೆಳ್ಳಗೆ ಬಾಗುವ ಫಿನ್ ಮಾಡಿದವರೂ ಅವರೇ. 1966ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಆಸ್ಟ್ರೇಲಿಯಾದ ನ್ಯಾಟ್ ಯಂಗ್ ಸರ್ಫಿಂಗ್ ವಿಶ್ವ ಚಾಂಪಿಯನ್ ಆದಾಗ ಅವರ ಬೋರ್ಡಿನ ಕೆಳಗೆ ಇದ್ದದ್ದು ಗ್ರೀನೋ ಮಾದರಿಯ ಫಿನ್. ಆಮೇಲೆ ಒಂದೆರಡು ವರ್ಷದಲ್ಲೇ ಎಲ್ಲರ ಬೋರ್ಡೂ ಗಿಡ್ಡ ಆಯಿತು.

ಇನ್ನು ಈಗ ಎಲ್ಲರೂ ಇಷ್ಟಪಡುವ ಫಿಶ್ ಬೋರ್ಡ್, ಬಾಲ ಮೀನಿನ ಹಾಗೆ ಸೀಳಿರುತ್ತದಲ್ಲ, ಅದನ್ನು 1967ರಲ್ಲಿ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಮಾಡಿದ್ದು ನೀಬೋರ್ಡ್ ಅಂತಲೇ. ಅದರ ಮೇಲೆ ಜನ ಎದ್ದು ನಿಂತದ್ದು ಆಮೇಲೆ.

ಗೋಕರ್ಣ_ತೆರೆ
ಫಿಶ್ ವಿಷಯ ನನಗೆ ಗೊತ್ತಿರಲಿಲ್ಲ. ನನ್ನದೂ ಫಿಶ್ ಬೋರ್ಡೇ. ಮಕ್ಕಳ ಆಟ ಅಂದದ್ದು ತಪ್ಪಾಯಿತು.

ಬಡಗಿ_ಮಗ
ಹಾಗಾದರೆ ಫಿಶ್ ಬೋರ್ಡೇ ಮಾಡಿ. ಎರಡು ಫಿನ್ ಸಾಕಲ್ವಾ ಅದಕ್ಕೆ? 6 ಮಿಲಿಮೀಟರ್ ಮರೈನ್ ಪ್ಲೈಯಲ್ಲಿ ನಾನು ಕತ್ತರಿಸಿ ಕೊಡುತ್ತೇನೆ. ಅಚ್ಚು ಕಳಿಸಿ.

ಸಿಡ್ನಿ_ಮಂಡಿ
ಒಳ್ಳೇ ಯೋಚನೆ. ಬುಡ 9 ಇಂಚು, ಎತ್ತರ 5 ಇಂಚು ಸುಮಾರು ಇರಲಿ. ಒಳಗಿನ ಮುಖ ಚಪ್ಪಟೆ, ಹೊರಗಿನ ಮುಖ ಉಬ್ಬು. ಪ್ಲೈಯ ಪದರಗಳು ನಿಮಗೆ ದಾರಿ ತೋರಿಸುತ್ತವೆ: ಉಜ್ಜುತ್ತಾ ಹೋದರೆ ಪದರದ ಗೆರೆಗಳು ಕಾಣಿಸುತ್ತವೆ, ಅವು ಎರಡೂ ಫಿನ್ನಿನಲ್ಲಿ ಒಂದೇ ಥರ ಬಂದರೆ ಆಕಾರ ಸರಿ ಇದೆ. ಆಮೇಲೆ ಫೈಬರ್ ಹೊದಿಸಿ ಬೋರ್ಡಿಗೇ ಕಾಯಂ ಅಂಟಿಸಿ.

ಬೆಂಗ್ಳೂರ್_ವಿಮಾನ
ಛಾವಣಿಗೆ ಹಾಕುವ ನೀಲಿ, ಗುಲಾಬಿ ಬಣ್ಣದ ಎಕ್ಸ್‌ಪಿಎಸ್ ಫೋಮ್ ಶೀಟ್ ಹೇಗೆ? ನೀರು ಕುಡಿಯುವುದಿಲ್ಲ.

ಮಲ್ಪೆ_ಫೈಬರ್
ನೀರು ಕುಡಿಯುವುದಿಲ್ಲ, ರೆಸಿನ್ನನ್ನೂ ಹಿಡಿದುಕೊಳ್ಳುವುದಿಲ್ಲ. ಅದೇ ತೊಂದರೆ. ಚೆನ್ನಾಗಿ ಒರಟು ಮಾಡಿ ಹಾಕಿದರೂ ಬಿಸಿಲಿಗೆ ಸಿಪ್ಪೆ ಏಳುವ ಭಯ ಇದ್ದೇ ಇದೆ. ಥರ್ಮಾಕೋಲಿಗೆ ಕಾಳುಗಳ ಮಧ್ಯೆ ಸಂದಿ ಇರುತ್ತದೆ, ರೆಸಿನ್ ಒಳಗಿಳಿದು ಕಚ್ಚುತ್ತದೆ. ಆದರೆ ಆ ಸಂದಿಗಳು ರೆಸಿನ್ ಜಾಸ್ತಿ ಕುಡಿಯುತ್ತವೆ. ಅದಕ್ಕೆ ಮೊದಲು ಎಪಾಕ್ಸಿಗೆ ಮೈಕ್ರೋಬಲೂನ್ ಪುಡಿ (ಒಳಗೆ ಟೊಳ್ಳಾದ ಸಣ್ಣ ಗುಂಡುಗಳ ಹಗುರ ಪುಡಿ) ಕಲಸಿ ತೆಳ್ಳಗೆ ಮೆತ್ತಿ. ಗೋಡೆಗೆ ಲಪ್ಪ ಎಳೆದ ಹಾಗೆ. ಆಮೇಲೆ ಬಟ್ಟೆ.

ವಿಜ್ಞಾನ_ಟೀಚರ್
ನನ್ನ ಕಡೆಯಿಂದ ಎರಡು ಮಾತು. ಥರ್ಮಾಕೋಲ್ ಉಜ್ಜುವಾಗ ಬಿಳಿ ಕಾಳು ಗಾಳಿಗೆ ಹಾರುತ್ತದೆ. ನಿಮ್ಮ ಮನೆ ಶಾಂಭವಿ ಹೊಳೆಯ ದಂಡೆಯಲ್ಲಿದ್ದರೆ ನೇರ ನೀರಿಗೆ, ಅಲ್ಲಿಂದ ಸಮುದ್ರಕ್ಕೆ. ಮೀನು ಅದನ್ನು ಮೊಟ್ಟೆ ಅಂದುಕೊಂಡು ತಿನ್ನುತ್ತದೆ. ಶೆಡ್ಡಿನ ಬಾಯಿಗೆ ಹಳೇ ಸೊಳ್ಳೆ ಪರದೆ ಕಟ್ಟಿ, ಪ್ರತಿ ದಿನ ವ್ಯಾಕ್ಯೂಮ್ ಮಾಡಿ. ಕಡಲನ್ನು ಪ್ರೀತಿಸುವವರು ಇಷ್ಟು ಮಾಡಲೇಬೇಕು.

ಎರಡನೆಯದು, ಬಟ್ಟೆ ಹಾಕುವ ಸಮಯ. ಬೆಳಿಗ್ಗೆ ಹಾಕಬೇಡಿ. ಹೊತ್ತು ಏರಿದಂತೆ ಥರ್ಮಾಕೋಲ್ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಹಸಿ ರೆಸಿನ್ ಒಳಗಿಂದ ಗುಳ್ಳೆ ಏಳುತ್ತದೆ. ಸಂಜೆ ಹಾಕಿದರೆ ಗಾಳಿ ತಣಿದು ಕುಗ್ಗುತ್ತದೆ, ರೆಸಿನ್ನನ್ನೇ ಒಳಗೆಳೆದುಕೊಳ್ಳುತ್ತದೆ.

ಸಿಡ್ನಿ_ಮಂಡಿ
ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಮೊದಲ ಬೋರ್ಡಿನ ಮೈತುಂಬಾ ಗುಳ್ಳೆ ಬಂದದ್ದು ಇದೇ ಕಾರಣಕ್ಕೆ. ಯಾಕೆ ಅಂತ ತಿಳಿಯಲು ವರ್ಷ ಬೇಕಾಯಿತು.

ಕಾಪು_ದೀಪ
ಮಾಸ್ಕ್, ಕೈಗವಸು ಮರೆಯಬೇಡಿ. ಬಟ್ಟೆಯ ಮಾಸ್ಕ್ ಅಲ್ಲ, ಕಾರ್ಟ್ರಿಜ್ ಇರುವುದು. ಎಪಾಕ್ಸಿ ಮೈಗೆ ತಾಗಿ ತಾಗಿ ಒಮ್ಮೆ ಅಲರ್ಜಿ ಶುರುವಾದರೆ ಮತ್ತೆ ಹತ್ತಿರ ಹೋಗಲು ಆಗುವುದಿಲ್ಲ.

ಸಸಿಹಿತ್ಲು_ಸಂಜೆ
ಐದು ವಾರದ ನಂತರ ಬರೆಯುತ್ತಿದ್ದೇನೆ. ಫೋಮ್ ಸಿಕ್ಕಿತು, ತೂಗಿದೆ, 21 ಗ್ರಾಂ ಬಂತು. ತಂಗಿ ಒಂದು ಕಡೆ, ನಾನು ಒಂದು ಕಡೆ ತಂತಿ ಹಿಡಿದು ಎಳೆದೆವು. ಪೇಪರ್ ಅಚ್ಚು ತೆಗೆದದ್ದು ಅಮ್ಮ. ನಡುವೆ 4 ಮಿಲಿಮೀಟರ್ ಪ್ಲೈ ಪಟ್ಟಿ ಕೂರಿಸಿದ್ದೇನೆ. ಕೆಳಗಿನ ಬಟ್ಟೆ ಚೆನ್ನಾಗಿ ಕೂತಿದೆ.

ಈಗ ತೊಂದರೆ ಬಂದಿದೆ. ಮೇಲಿನ ಬಟ್ಟೆ ಹಾಕಿ ಮೂರು ದಿನ ಆಯಿತು. ಇನ್ನೂ ಅಂಟಂಟು. ಹಲಸಿನ ಮೇಣದ ಹಾಗೆ ಬೆರಳಿಗೆ ಹಿಡಿಯುತ್ತದೆ. ಬಿಸಿಲಲ್ಲಿ ಇಟ್ಟರೆ ಸರಿಹೋಗುತ್ತದಾ?

ಮಲ್ಪೆ_ಫೈಬರ್
ಬಿಸಿಲಿಗೆ ಇಡಬೇಡಿ! ಎಷ್ಟು ಪಾಲು ಕಲಸಿದಿರಿ? ತೂಕದಲ್ಲಾ, ಅಳತೆಯಲ್ಲಾ?

ಸಸಿಹಿತ್ಲು_ಸಂಜೆ
ಡಬ್ಬದ ಮೇಲೆ ಎರಡಕ್ಕೆ ಒಂದು ಅಂತ ಇತ್ತು. ಕೆಳಗಿನ ಪದರಕ್ಕೆ ಲೋಟದಲ್ಲಿ ಅಳೆದೆ. ಮೇಲಿನದಕ್ಕೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆ. ಈಗ ಡಬ್ಬ ನೋಡಿದರೆ ಎರಡಕ್ಕೆ ಒಂದು ಅನ್ನುವುದು ಅಳತೆಗೆ. ತೂಕಕ್ಕೆ ಬೇರೆಯೇ ಸಂಖ್ಯೆ ಇದೆ.

ಮಲ್ಪೆ_ಫೈಬರ್
ಅದೇ ಕಾರಣ. ಹಾರ್ಡನರ್ ಹಗುರ, ಅಳತೆಯ ಲೆಕ್ಕವನ್ನೇ ತೂಕಕ್ಕೆ ಹಾಕಿದರೆ ಹಾರ್ಡನರ್ ಜಾಸ್ತಿಯಾಗುತ್ತದೆ. ಅದು ಇನ್ನು ಗಟ್ಟಿ ಆಗುವುದಿಲ್ಲ. ಬಟ್ಟೆಯ ಒಂದು ಮೂಲೆ ಹಿಡಿದು ನಿಧಾನ ಎಳೆಯಿರಿ, ಸುಲಿದು ಬರುತ್ತದೆ. ಉಳಿದ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಐಸೋಪ್ರೊಪೈಲ್ ಸ್ಪಿರಿಟ್‌ನಿಂದ ಒರೆಸಿ. ಅಸಿಟೋನ್ ಮಾತ್ರ ಮುಟ್ಟಬೇಡಿ, ಥರ್ಮಾಕೋಲ್ ಕರಗುತ್ತದೆ. ಮೇಲ್ಮೈ ಎಲ್ಲಾದರೂ ಕಿತ್ತರೆ ಮತ್ತೆ ಲಪ್ಪ ಎಳೆಯಿರಿ. ಹೊಸ ಬಟ್ಟೆಗೆ ಕಲಸುವಾಗ ಸಣ್ಣ ಸಣ್ಣ ಪಾಲು ಮಾಡಿ. ನಮ್ಮ ಸೆಕೆಗೆ ಲೋಟದಲ್ಲೇ ಕುದಿದು ಗಟ್ಟಿಯಾಗುತ್ತದೆ. ಕಲಸಿದ ಕೂಡಲೇ ಬೋರ್ಡಿನ ಮೇಲೆ ಸುರಿದು ಹರಡಿಬಿಡಿ.

ಗಟ್ಟಿಯಾದ ಮೇಲೆ ಕೈಗೆ ಎಣ್ಣೆ ಜಿಡ್ಡಿನ ಹಾಗೆ ತಾಗಿದರೆ ಹೆದರಬೇಡಿ. ಗಾಳಿಯ ತೇವಕ್ಕೆ ಹಾಗಾಗುತ್ತದೆ. ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬಿನಲ್ಲಿ ತೊಳೆದು, ಆಮೇಲೆ ಉಜ್ಜುಕಾಗದ.

ಬಡಗಿ_ಮಗ
ಫಿನ್ ತಯಾರಿದೆ. ಬಸ್ಸಿನಲ್ಲಿ ಕಳಿಸಲಾ, ನಾನೇ ಬರಲಾ? ಬೋರ್ಡ್ ನೋಡಬೇಕು ಅಂತ ಆಸೆ.

ಸಸಿಹಿತ್ಲು_ಸಂಜೆ
ಬನ್ನಿ. ಊಟ ನಮ್ಮಲ್ಲೇ. ಬಂಗುಡೆ ಬರಲು ಶುರುವಾಗಿದೆ.

ಗೋಕರ್ಣ_ತೆರೆ
ನಾನೂ ಬರುತ್ತೇನೆ. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಾಗ ಬಂದದ್ದು, ಮತ್ತೆ ಬಂದೇ ಇಲ್ಲ.

ಸಿಡ್ನಿ_ಮಂಡಿ
ಕಾಲಿಗೆ ಗಿಡ್ಡ ಈಜು ಫಿನ್ ಹಾಕಿಕೊಂಡರೆ ತೆರೆ ಹಿಡಿಯುವುದು ಸುಲಭ. ನಿಮ್ಮ ಬಲಗಾಲಿಗೆ ಅದು ಎಳೆತ ಕೊಡಬಹುದು, ಫಿಸಿಯೋ ಅವರನ್ನು ಕೇಳಿಯೇ ಹಾಕಿ. ಮೊದಲ ದಿನ ಸೊಂಟದೆತ್ತರದ ತೆರೆ ಸಾಕು.

ಸಸಿಹಿತ್ಲು_ಸಂಜೆ
ನಿನ್ನೆ ಇಳಿಸಿದೆವು. ಅಕ್ಟೋಬರ್ ಬಿಸಿಲು, ಗಾಳಿ ಇಲ್ಲ, ಹೊಳೆ ಸೇರುವ ಜಾಗದ ಉತ್ತರಕ್ಕೆ ಸಣ್ಣ ಸಣ್ಣ ತೆರೆ. ಬೋರ್ಡ್ 3 ಕೆಜಿ 150 ಗ್ರಾಂ ತೂಗಿದೆ.

ಮೊದಲ ನಾಲ್ಕು ತೆರೆ ತಪ್ಪಿತು. ಮಂಡಿ ಎಳೆದುಕೊಳ್ಳುವಾಗ ಮುಂದೆ ಬೀಳುತ್ತಿದ್ದೆ, ಮೂತಿ ನೀರಿಗೆ ಹೊಕ್ಕುತ್ತಿತ್ತು. ಐದನೆಯದಕ್ಕೆ ಎರಡೂ ಮಂಡಿ ಅಮ್ಮ ಎಳೆದ ಗೆರೆಯ ಜಾಗದಲ್ಲೇ ಹೋಗಿ ಕೂತವು. ಎಷ್ಟು ತಗ್ಗಿನಲ್ಲಿ ಇರುತ್ತೇವೆ ಅಂದರೆ ತೆರೆಯ ಗೋಡೆ ಕಿವಿಯ ಪಕ್ಕದಲ್ಲೇ. ಕೈ ಚಾಚಿ ನೀರು ಸವರಿಕೊಂಡು ಹೋದೆ. ಒಂದು ವರ್ಷ ಎರಡು ತಿಂಗಳ ಮೇಲೆ ಸಿಕ್ಕ ಮೊದಲ ತೆರೆ. ದಡದಲ್ಲಿ ಬಡಗಿ ಅವರು ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ಕಣಕಾಲು ನೋಯಲಿಲ್ಲ.

ಎಡ ಫಿನ್ನಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುತ್ತಿದೆ. ನೀರು ಒಳಗೆ ಹೋಗುವ ಮೊದಲು ಏನು ಮಾಡಲಿ?

ಮಲ್ಪೆ_ಫೈಬರ್
ಈಗಲೇ ನೀರಿಗೆ ಇಳಿಸಬೇಡಿ. ಎರಡು ದಿನ ನೆರಳಲ್ಲಿ ಒಣಗಿಸಿ. ಭಾನುವಾರ ನಾನೇ ಮೂಲ್ಕಿಗೆ ಬರುತ್ತೇನೆ, ಬಟ್ಟೆ ಮತ್ತು ಎಪಾಕ್ಸಿ ತರುತ್ತೇನೆ. ಉಜ್ಜುಕಾಗದ 80ರದ್ದು ನೀವು ತಂದಿಡಿ.

ಬಡಗಿ_ಮಗ
ಭಾನುವಾರ ನಾನೂ ಬಂದೆ.